ಜಾರ್ಜಿಯದ ಖಂಜಾಲಿ

‘ಖಂಜರ್’ ಎಂಬ ಹಿಂದುಸ್ತಾನಿ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕಪ್ಪು ಸಮುದ್ರದ ಪೂರ್ವಕ್ಕಿರುವ ಜಾರ್ಜಿಯದಲ್ಲಿ ಅದೇ ಮಾತು ‘ಖಂಜಾಲಿ’ ಎನಿಸಿದೆ. ಆ ನಾಡಿನ ಗಂಡಸರು ‘ಚೋಖಾ’ ಎಂಬ ನಿಲುವಂಗಿಯ ಮೇಲೆ, ನಡುಪಟ್ಟಿಯಲ್ಲಿ ಮುಂಬದಿಗೆ ಕಾಣುವಂತೆ ಧರಿಸುವ ಕಠಾರಿ ಇದು.

ಅಲಗು ನೇರ, ಎರಡು ಕಡೆಯೂ ಬಾಯಿ, ತುದಿ ಬಲು ಚೂಪು. ಅಲಗಿನ ಉದ್ದಕ್ಕೆ ತೋಡಿದ ಕಾಲುವೆಯು ರಕ್ತ ಹರಿಯಲೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಬಲ ಕುಂದದಂತೆ ತೂಕವನ್ನು ಇಳಿಸುವುದೇ ಅದರ ಉದ್ದೇಶ.

ಹಿಡಿ ಮತ್ತು ಒರೆಗಳ ಬೆಳ್ಳಿಯ ಮೇಲೆ ಹಬ್ಬಿದ ಕರಿಯ ಬಳ್ಳಿಗಳೇ ಖಂಜಾಲಿಯ ಸೊಬಗು. ಇದು ಬಳಿದ ಬಣ್ಣವಲ್ಲ; ‘ಸೆವಾದ’ ಎಂಬ ಕುಸುರಿ. ಕೆಲಸಗಾರನು ಮೊದಲು ಬೆಳ್ಳಿಯಲ್ಲಿ ಚಿತ್ತಾರವನ್ನು ಕೊರೆಯುತ್ತಾನೆ. ಬೆಳ್ಳಿ, ತಾಮ್ರ, ಸೀಸಗಳನ್ನು ಗಂಧಕದೊಡನೆ ಕರಗಿಸಿ, ಆರಿದ ಮೇಲೆ ಪುಡಿಮಾಡಿ, ಆ ಗೆರೆಗಳಲ್ಲಿ ತುಂಬುತ್ತಾನೆ. ಬೆಂಕಿಯ ಕಾವಿಗೆ ಪುಡಿ ಕರಗಿ ಬೆಳ್ಳಿಯೊಡನೆ ಬೆಸೆದುಕೊಳ್ಳುತ್ತದೆ. ಬಳಿಕ ಅರದಿಂದ ಉಜ್ಜಿ ಮೆರುಗು ಕೊಟ್ಟರೆ, ಬಿಳಿಯ ನೆಲದಲ್ಲಿ ಕರಿಯ ಬಳ್ಳಿ ಎದ್ದು ಕಾಣುತ್ತದೆ. ಕಾವು ಮಿತಿಮೀರಿದರೆ ಸೀಸವು ಬೆಳ್ಳಿಯನ್ನೇ ತಿಂದುಬಿಡುತ್ತದೆ. ಪಟ್ಟ ಶ್ರಮವೆಲ್ಲ ವ್ಯರ್ಥ.

ಹೀಗೆ ಒಂದು ಖಂಜಾಲಿಯಲ್ಲಿ ಕಮ್ಮಾರನ ಕೈಯೂ ಅಕ್ಕಸಾಲಿಯ ಕೈಯೂ ಕೂಡಿವೆ. ಇಂದು ಟ್ಬಿಲಿಸಿ ಎನಿಸಿಕೊಳ್ಳುವ ಟಿಫ್ಲಿಸ್ ನಗರದಲ್ಲಿ 19ನೆಯ ಶತಮಾನದಲ್ಲಿದ್ದ ಎಲಿಯಾರೋವ್ ಮನೆತನದಂತಹ ಕೆಲವರ ಹೆಸರು ಉಳಿಯಿತು; ಬಹುಮಂದಿಯದು ಅಳಿಯಿತು. ಈಗ ಖಂಜಾಲಿ ಕುಣಿತ, ಮದುವೆಗಳ ಅಲಂಕಾರ. ಇರಿಯುವ ಕೆಲಸ ತೀರಿತು. ಕೆತ್ತಿದವನ ಕೆಲಸ ನಿಂತಿತು. ವಸ್ತುಸಂಗ್ರಹಾಲಯದಲ್ಲಿ ಇಂಥ ಆಯುಧವನ್ನು ಕಂಡಾಗ, ಹಿಡಿದವನ ಜತೆಗೆ ಮಾಡಿದವನನ್ನೂ ನೆನೆಯೋಣ.