ಊಟಕ್ಕೆ ಕೂತಾಗ ಕೇಳಿದ ಕಂಪನಿ ಗುಟ್ಟು

ಪ್ರಶ್ನೆ: ಸಂಡೂರಿನ ನಮ್ಮ ಭಾವ ತಮ್ಮ ಕಂಪನಿಯ ಲಾಭ ಭಾರಿ ಏರಿದೆ ಎಂದರು. ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ. ಷೇರು ಕೊಳ್ಳಲೇ?
– ಓದುಗ, ಹೊಸಪೇಟೆ

ಉತ್ತರ: ಖಂಡಿತ ಬೇಡ. ಬೆಲೆ ಏರಿಳಿಸಬಲ್ಲ ಅಪ್ರಕಟಿತ ಮಾಹಿತಿ ತಿಳಿದ ಕ್ಷಣ, ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮಗಳ ಪ್ರಕಾರ ನೀವೂ ‘ಒಳಗಿನವರು’. ಹೇಳಿದ್ದು ಭಾವನ ತಪ್ಪು; ಕೊಂಡರೆ ನಿಮ್ಮದೂ ತಪ್ಪು. ತಾಯಿಯ ಡಿಮ್ಯಾಟ್ ಖಾತೆಯಲ್ಲಿ ಕೊಂಡರೂ ಪಾರಾಗಲಾರಿರಿ. ದಂಡ ಕನಿಷ್ಠ 10 ಲಕ್ಷ ರೂಪಾಯಿ. ಗರಿಷ್ಠ 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು. 10 ವರ್ಷದವರೆಗೆ ಜೈಲೂ ಆಗಬಹುದು. ಭಾವ ಹೇಳಿದ ಮಾತನ್ನು ವಾಟ್ಸ್‌ಆ್ಯಪ್‌ನಲ್ಲೂ ಯಾರಿಗೂ ದಾಟಿಸಬೇಡಿ. ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯಲಿ. ಆಮೇಲೆ ಎಲ್ಲರಂತೆ ಓದಿ, ಯೋಚಿಸಿ ಕೊಳ್ಳಿ. ಭಾವನ ನೌಕರಿ, ಅಕ್ಕನ ಸಂಸಾರ ಯಾವ ಲಾಭಕ್ಕಿಂತಲೂ ದೊಡ್ಡದು.