ಕಂಪ್ಯೂಟರ್ ಪ್ರಮಾಣಪತ್ರ ಪರೀಕ್ಷೆಗೆ ಸ್ವಯಂ ಅಧ್ಯಯನ: ಸದಸ್ಯರಿಗೆ ಮಾರ್ಗದರ್ಶಿ ಪಾಠ

ಏಕೆ ಕಲಿಯಬೇಕು?

ಗ್ರಾಮ ಪಂಚಾಯಿತಿಯ ತೆರಿಗೆ, ಆಸ್ತಿ, ಕಾಮಗಾರಿ ಹಾಗೂ ಪಾವತಿಯ ವಿವರಗಳು ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ದಾಖಲಾಗುತ್ತವೆ. ಇ-ಗ್ರಾಮಸ್ವರಾಜ್ ಮೂಲಕ ಹಣ ಪಾವತಿಸಲು ಡಿಜಿಟಲ್ ಸಹಿ ಅಗತ್ಯ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 5ನೇ ಪ್ರಕರಣವು ವಿದ್ಯುನ್ಮಾನ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ; 42ನೇ ಪ್ರಕರಣವು ಸಹಿಯ ಖಾಸಗಿ ಕೀಲಿಯನ್ನು ಕಾಪಾಡಿಕೊಳ್ಳುವ ಹೊಣೆಯನ್ನು ಸಹಿದಾರರ ಮೇಲೆಯೇ ಹೊರಿಸಿದೆ. ತಮಗೆ ತಿಳಿಯದೆಂದು ಕೀಲಿಯನ್ನೂ ಪಾಸ್‌ವರ್ಡನ್ನೂ ಬೇರೆಯವರಿಗೆ ಒಪ್ಪಿಸುವುದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಂತೆ.

ಯಾವ ಪರೀಕ್ಷೆ?

ರಾಷ್ಟ್ರೀಯ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಂಸ್ಥೆಯು ನಡೆಸುವ ಸಿ.ಸಿ.ಸಿ. ಪರೀಕ್ಷೆಯು ಆರಂಭಿಕರಿಗೆ ಸೂಕ್ತವಾದುದು. ಇದಕ್ಕೆ ಕನಿಷ್ಠ ವಿದ್ಯಾರ್ಹತೆಯ ನಿರ್ಬಂಧವಿಲ್ಲ. ತರಬೇತಿ ಕೇಂದ್ರಕ್ಕೆ ಸೇರದೆ ನೇರವಾಗಿಯೂ ಅರ್ಜಿ ಸಲ್ಲಿಸಬಹುದು. 90 ನಿಮಿಷಗಳಲ್ಲಿ 100 ವಸ್ತುನಿಷ್ಠ ಪ್ರಶ್ನೆಗಳಿಗೆ ಉತ್ತರಿಸಬೇಕು; ತೇರ್ಗಡೆಗೆ ಶೇ. 50 ಅಂಕ ಸಾಕು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಡಬಾರದು.

ಅಧ್ಯಯನ ಕ್ರಮ

ಪಠ್ಯಕ್ಕೆ ನಿಗದಿಯಾದ ಅವಧಿ 80 ಗಂಟೆ. ದಿನಕ್ಕೆ ಒಂದು ಗಂಟೆ ಮೀಸಲಿಟ್ಟರೆ ಮೂರು ತಿಂಗಳೊಳಗೆ ಮುಗಿಯುತ್ತದೆ. ಸ್ವಂತ ಗಣಕಯಂತ್ರ ಇಲ್ಲದವರು ಗ್ರಾಮದ ಅರಿವು ಕೇಂದ್ರದಲ್ಲಿ ಸೌಲಭ್ಯವಿದ್ದಲ್ಲಿ ಬಳಸಿಕೊಳ್ಳಬಹುದು. ಅಭ್ಯಾಸಕ್ಕೆ ಬೇಕಾದ ಲಿಬ್ರೆ ಆಫೀಸ್ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ.

ಓದಿದ್ದು ಕೈಗೆ ಬರಬೇಕಾದರೆ ಪಂಚಾಯಿತಿಯ ಕೆಲಸವನ್ನೇ ಅಭ್ಯಾಸಕ್ಕೆ ಆಯ್ದುಕೊಳ್ಳುವುದು ಒಳ್ಳೆಯದು. ಪದ ಸಂಸ್ಕರಣೆಯ ಪಾಠದಲ್ಲಿ ಸಾಮಾನ್ಯ ಸಭೆಯ ತಿಳುವಳಿಕೆ ಪತ್ರವನ್ನು ಸಿದ್ಧಪಡಿಸಬಹುದು. ಸ್ಪ್ರೆಡ್‌ಶೀಟ್ ಪಾಠದಲ್ಲಿ ಹತ್ತು ಮನೆಗಳ ತೆರಿಗೆಯನ್ನು ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಾಲಂಗಳಲ್ಲಿ ಬರೆಯಬಹುದು. ಬೇಡಿಕೆಯಿಂದ ವಸೂಲಿಯನ್ನು ಕಳೆಯುವ ಸೂತ್ರವನ್ನು ಬಾಕಿಯ ಕಾಲಂನಲ್ಲಿ ನಮೂದಿಸಿ, ಒಂದು ಮನೆಯ ವಸೂಲಿಯನ್ನು ಬದಲಿಸಿದರೆ ಒಟ್ಟು ಬಾಕಿಯೂ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಅದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತಾಳೆ ನೋಡತಕ್ಕದ್ದು. ಹೀಗೆ ಕಲಿತವರಿಗೆ ಸೂತ್ರದ ಪ್ರಶ್ನೆ ಕಂಠಪಾಠದ ವಿಷಯವಾಗಿ ಉಳಿಯುವುದಿಲ್ಲ.

ತಾಂತ್ರಿಕ ಪದಗಳನ್ನು ಕನ್ನಡದ ವಿವರಣೆಯೊಡನೆ ಇಂಗ್ಲಿಷಿನಲ್ಲಿಯೂ ಗುರುತಿಸುವ ರೂಢಿ ಇರಬೇಕು. ಪ್ರತಿ ಪ್ರಶ್ನೆಗೆ ದೊರೆಯುವ ಕಾಲ 54 ಸೆಕೆಂಡು. ಆದುದರಿಂದ ಕೊನೆಯ ಎರಡು ವಾರ ಗಡಿಯಾರವಿಟ್ಟು ಮಾದರಿ ಪ್ರಶ್ನೆಗಳನ್ನು ಬಿಡಿಸಿ, ತಪ್ಪಿದ ಪ್ರಶ್ನೆಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮರುದಿನ ಮತ್ತೆ ಉತ್ತರಿಸುವುದು ಸೂಕ್ತ.

ಸ್ವಯಂ ಪರಿಶೀಲನೆ

1. ಪರರ ನೆರವಿಲ್ಲದೆ ಕಡತವೊಂದನ್ನು ತೆರೆದು, ತಿದ್ದಿ, ಉಳಿಸಲು ಬರುವುದೇ?
2. ಒಟ್ಟು ಮೊತ್ತ ಹೇಗೆ ಬಂದಿತೆಂದು ಪರದೆಯ ಮೇಲೆ ತೋರಿಸಲಾಗುವುದೇ?
3. ಒ.ಟಿ.ಪಿ. ಕೇಳುವ ದೂರವಾಣಿ ಕರೆಗೆ ಏನು ಉತ್ತರಿಸಬೇಕು?

ಮೂರಕ್ಕೂ ಅಳುಕಿಲ್ಲದೆ ಉತ್ತರಿಸುವವರು ಪರೀಕ್ಷೆಗೆ ಅರ್ಜಿ ಸಲ್ಲಿಸಬಹುದು. ಪ್ರಮಾಣಪತ್ರ ಕೈಸೇರುವ ಮೊದಲೇ ಕಲಿಕೆಯ ಫಲ ಸಭೆಯಲ್ಲಿ ಕಾಣಿಸಿಕೊಳ್ಳುತ್ತದೆ: ಸದಸ್ಯರು ಲೆಕ್ಕವನ್ನು ತಾವೇ ಓದಿ, ಪ್ರಶ್ನೆ ಕೇಳಿ, ಬಳಿಕ ಒಪ್ಪಿಗೆ ನೀಡುತ್ತಾರೆ.