ಬೆಳ್ಳಿಬಂಗಾರದಿಂದಲ್ಲದ ಬಿಡುಗಡೆ

ಪಾಠಭಾಗ: ಯಾಜಕಕಾಂಡ 25:47–49, 1 ಪೇತ್ರ 1:18–19

ಹೊಸಪೇಟೆಯಿಂದ ಹಂಪಿಗೆ ಹೋದವರು ವಿಠ್ಠಲ ದೇವಾಲಯದ ಸಮೀಪದಲ್ಲಿ ಅರಸನ ತುಲಾಭಾರವೆಂಬ ಕಲ್ಲಿನ ಚೌಕಟ್ಟನ್ನು ನೋಡಿರುವಿರಿ. ಎರಡು ಕಂಬಗಳು, ಮೇಲೊಂದು ತೊಲೆ, ಅದರ ಅಡಿಯಲ್ಲಿ ತಕ್ಕಡಿಯನ್ನು ತೂಗಹಾಕುವದಕ್ಕೆ ಕಲ್ಲುಬಳೆಗಳು. ವಿಜಯನಗರದ ಅರಸರು ಪರ್ವದಿನಗಳಲ್ಲಿ ಅಲ್ಲಿ ಬಂಗಾರಕ್ಕೆ ಸಮನಾಗಿ ತೂಗಿಸಿಕೊಂಡು, ಆ ಬಂಗಾರವನ್ನು ದಾನಮಾಡುತ್ತಿದ್ದರೆಂದು ಹೇಳುವರು. ದಾನವನ್ನು ನಾವು ಹಳಿಯುವದಿಲ್ಲ. ಆದರೆ ಅರಸನಾದರೂ ತನ್ನ ತೂಕದ ಬಂಗಾರದಿಂದ ತನ್ನ ಪಾಪದ ಸಾಲವನ್ನು ತೀರಿಸಲಾರನು. 1565ರಲ್ಲಿ ಆ ಪಟ್ಟಣವು ಹಾಳಾಯಿತು. ಬಂಗಾರವು ಹೋಯಿತು, ಕಲ್ಲು ಉಳಿಯಿತು. ಬೆಳ್ಳಿಬಂಗಾರಗಳು ನಶಿಸತಕ್ಕವು, ನಮ್ಮ ವಿಮೋಚನೆಯ ಕ್ರಯವು ಕ್ರಿಸ್ತನ ರಕ್ತವೇ ಎಂದು ಅಪೊಸ್ತಲನಾದ ಪೇತ್ರನು ಬೋಧಿಸುತ್ತಾನೆ.

ವಿಮೋಚನೆ ಅಂದರೇನು? ಕಂಪ್ಲಿಯ ಕಬ್ಬಿನ ಗದ್ದೆಗಳಲ್ಲಿಯೂ ಸಂಡೂರಿನ ಗಣಿಗಳಲ್ಲಿಯೂ ಕೂಲಿಮಾಡಿದವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಅಡವಿಟ್ಟ ಓಲೆಯನ್ನಾಗಲಿ ಹೊಲವನ್ನಾಗಲಿ ಹಣಕೊಟ್ಟು ಬಿಡಿಸಿಕೊಳ್ಳುವದೇ ವಿಮೋಚನೆ. ಇಸ್ರಾಯೇಲ್ಯನು ಬಡತನದಿಂದ ಪರದೇಶಿಗೆ ತನ್ನನ್ನೇ ಮಾರಿಕೊಂಡರೆ ಯಾರು ಬಿಡಿಸಬೇಕು? ಅವನ ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪ, ಅವರ ಮಕ್ಕಳು, ಒಟ್ಟಿನಲ್ಲಿ ರಕ್ತಸಂಬಂಧಿಕರೇ. ಆದಕಾರಣ ದೇವಕುಮಾರನು ಪರಲೋಕದಿಂದಲೇ ಒಂದು ಅಪ್ಪಣೆಯನ್ನು ಕೊಟ್ಟು ಸುಮ್ಮನಿರಲಿಲ್ಲ. ನಮ್ಮ ರಕ್ತಮಾಂಸಗಳಲ್ಲಿ ಪಾಲುಗಾರನಾಗಿ ಹುಟ್ಟಿ, ನಮಗೆ ಅಣ್ಣನಾಗಿ, ತನ್ನ ಪ್ರಾಣವನ್ನೇ ಈಡಾಗಿ ಕೊಟ್ಟನು.

ನಮ್ಮ ದೇಶದಲ್ಲಿ 1976ರ ಕಾಯಿದೆಯು ಜೀತಪದ್ಧತಿಯನ್ನು ರದ್ದುಮಾಡಿತು. ಜೀತಕ್ಕೆ ಕಾರಣವಾದ ಸಾಲವು ಅಳಿಯಿತು. ಅದಕ್ಕಾಗಿ ಹಿಡಿದ ಆಸ್ತಿಯನ್ನು ಹಿಂದಕ್ಕೆ ಕೊಡಬೇಕಾಯಿತು. ಅಳಿದ ಸಾಲಕ್ಕೆಂದು ಒಂದು ಕಾಸನ್ನು ತೆಗೆದುಕೊಳ್ಳುವದೂ ಧಣಿಗೆ ಅಪರಾಧವಾಯಿತು. ಹೀಗಿರಲಾಗಿ, ಬಿಡುಗಡೆಯಾದವನು ಮರುದಿನ ಮುಂಜಾನೆ ಹಳೇ ಧಣಿಯ ಕೊಟ್ಟಿಗೆಗೆ ಹೋಗಿ ಸಗಣಿ ಬಾಚಿದರೆ ಏನನ್ನೋಣ? ಕಾಯಿದೆಯು ಸುಳ್ಳಲ್ಲ, ಅವನ ಎದೆಯೊಳಗಿನ ಅಂಜಿಕೆಯು ಇನ್ನೂ ಹೋಗಿಲ್ಲ. ಈ ಹೋಲಿಕೆಯನ್ನು ಬಹುದೂರ ಎಳೆಯಬಾರದು, ಯಾಕಂದರೆ ಕಾಯಿದೆಯು ಕ್ರಯಕೊಡದೆ ಸಾಲವನ್ನು ಅಳಿಸಿತು. ನಮ್ಮ ಸಾಲಪತ್ರವಾದರೋ ಶಿಲುಬೆಗೆ ಜಡಿಯಲ್ಪಟ್ಟಿತು, ಅದರ ಕ್ರಯವು ಪೂರಾ ಸಂದಿತು.

ಆದರೂ ನಮ್ಮ ಸಭೆಗಳಲ್ಲಿ ಆ ಅಂಜಿಕೆ ಉಂಟು. ಸುಗ್ಗಿಯ ಕಾಣಿಕೆಯನ್ನು ಕೊಡಲಾರದೆಹೋದದ್ದಕ್ಕೆ ದೇವರು ಹಳೇ ಲೆಕ್ಕವನ್ನು ತೆಗೆದು ಕೂಸಿಗೆ ಜ್ವರವನ್ನು ಕಳುಹಿಸಿದನೆಂದು ತಾಯಂದಿರು ಅಳುವದನ್ನು ನಾವು ಕೇಳಿದ್ದೇವೆ. ಕಾಣಿಕೆಯ ವಿಷಯದಲ್ಲಿ ಗಟ್ಟಿಯಾಗಿಯೂ ಕೃಪೆಯ ವಿಷಯದಲ್ಲಿ ಮೆಲ್ಲಗೂ ಮಾತಾಡುವ ಬೋಧಕರಾದ ನಾವೇ ಇದಕ್ಕೆ ಬಹುಮಟ್ಟಿಗೆ ಕಾರಣರು. ಅಮ್ಮಾ, ಕಾಣಿಕೆಯು ಸಾಲದ ಕಂತಲ್ಲ. ಬಿಡುಗಡೆಯಾದವಳು ಸಂತೋಷದಿಂದ ತರುವ ಒಂದು ಹಿಡಿ ಜೋಳ ಅದು. ಈ ವರುಷ ಮಳೆಯಿಲ್ಲದೆ ಕೈ ಬರಿದಾಗಿದ್ದರೆ ಬರಿಗೈಯಲ್ಲೇ ಗುಡಿಗೆ ಬನ್ನಿ.

ಬರುವ ತಿಂಗಳಿನ ಪಾಠಕ್ಕಾಗಿ ರೂತಳ 4ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿಕೊಳ್ಳಿರಿ. ಹೊಲವನ್ನು ಬಿಡಿಸಲು ಒಪ್ಪಿದ ಹತ್ತಿರದ ಬಂಧುವು ವಿಧವೆಯ ಮಾತು ಬಂದ ಕೂಡಲೇ ಹಿಂದೆಗೆದದ್ದು ಯಾಕೆಂಬದನ್ನು ಓದುಬಾರದವರ ಸಂಗಡ ಮಾತಾಡಿಕೊಂಡು ಬನ್ನಿರಿ.